ಹಳೆ ಕಾರು ಬಾಳಿದ ಊರು

ಬಳಸಿದ ಕಾರಿನ ಜಾಹೀರಾತಿನಲ್ಲಿ ಮೂರು ಸಂಗತಿಗಳು ತಪ್ಪದೆ ಇರುತ್ತವೆ: ಯಾವ ವರ್ಷದ ಮಾಡೆಲ್, ಎಷ್ಟು ಕಿಲೋಮೀಟರ್ ಓಡಿದೆ, ಎಷ್ಟನೇ ಓನರ್. ಬೆಲೆ ಕುದುರುವುದೂ ಬಹುಪಾಲು ಇವುಗಳ ಮೇಲೆಯೇ. ಕಾರು ಇನ್ನೆಷ್ಟು ವರ್ಷ ತಕರಾರಿಲ್ಲದೆ ಓಡೀತು ಎಂಬ ಪ್ರಶ್ನೆಗೆ ಮಾತ್ರ ಈ ಮೂರರಿಂದ ಪೂರ್ತಿ ಉತ್ತರ ಸಿಗುವುದಿಲ್ಲ. ಅದಕ್ಕೆ ಕಾರು ಯಾವ ಊರಿನಲ್ಲಿ ಬಾಳಿತು, ಹಿಂದಿನವರು ಅದನ್ನು ಹೇಗೆ ಓಡಿಸಿದರು ಎಂಬುದನ್ನು ಕೆದಕಬೇಕಾಗುತ್ತದೆ.

ಒಂದೇ ಮಾಡೆಲ್‌ನ, ತಲಾ 60,000 ಕಿಲೋಮೀಟರ್ ಓಡಿದ ಎರಡು ಕಾರುಗಳಿವೆ ಎಂದುಕೊಳ್ಳೋಣ. ಒಂದು ಬೆಂಗಳೂರಿನ ಸಿಲ್ಕ್ ಬೋರ್ಡ್, ಮಾರತ್ತಹಳ್ಳಿ ದಾರಿಯಲ್ಲಿ ದಿನವೂ ಆಫೀಸಿಗೆ ಹೋಗಿಬಂದದ್ದು. ಇನ್ನೊಂದು ಹುಬ್ಬಳ್ಳಿ–ಬೆಳಗಾವಿ ಹೆದ್ದಾರಿಯಲ್ಲಿ ಓಡಾಡಿದ್ದು. ಮೊದಲನೆಯದರ ಸರಾಸರಿ ವೇಗ ಗಂಟೆಗೆ 15 ಕಿಲೋಮೀಟರ್ ಇದ್ದರೆ ಅದರ ಇಂಜಿನ್ 4,000 ಗಂಟೆ ಓಡಿದೆ. ಎರಡನೆಯದರ ಸರಾಸರಿ 60 ಇದ್ದರೆ ಅದರ ಇಂಜಿನ್ ದುಡಿದದ್ದು 1,000 ಗಂಟೆ ಮಾತ್ರ. ಮೀಟರ್ ಎರಡಕ್ಕೂ ಒಂದೇ ಅಂಕಿ ತೋರಿಸುತ್ತದೆ. ಬೆಂಗಳೂರಿನ ಕಾರಿನ ಕ್ಲಚ್, ಗೇರ್ ಲಿವರ್, ಬ್ರೇಕ್ ಪ್ಯಾಡ್, ಕೂಲಿಂಗ್ ಫ್ಯಾನ್ ಹಲವು ಪಟ್ಟು ಹೆಚ್ಚು ಸವೆದಿರುತ್ತವೆ. 'ಬರೀ ಸಿಟಿಯಲ್ಲಿ ಓಡಿದ ಗಾಡಿ' ಎಂದು ಮಾರುವವರು ಹೆಮ್ಮೆಯಿಂದ ಹೇಳುವ ಮಾತು ವಾಸ್ತವದಲ್ಲಿ ಬೆಲೆ ಇಳಿಸಲು ಸಿಕ್ಕ ಕಾರಣ.

ಕರಾವಳಿಯ ಕಾರಿನ ಸಮಸ್ಯೆ ಬೇರೆ. ಮಂಗಳೂರು, ಉಡುಪಿ, ಕಾರವಾರದ ಗಾಳಿಯಲ್ಲಿರುವ ಉಪ್ಪು ಮತ್ತು ತಿಂಗಳುಗಟ್ಟಲೆ ಸುರಿಯುವ ಮಳೆ ಸೇರಿ ತಗಡನ್ನು ಒಳಗಿನಿಂದ ತಿನ್ನುತ್ತವೆ. ಹೊರಗಿನ ಪೇಂಟ್ ಫಳಫಳ ಹೊಳೆಯುತ್ತಿದ್ದರೂ ಬಾಗಿಲಿನ ಕೆಳಅಂಚು, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ, ಚಕ್ರದ ಮೇಲಿನ ಕಮಾನಿನ ಒಳಮಡಿಕೆ, ಸೈಲೆನ್ಸರ್ ಜೋಡಣೆ ಇವುಗಳಲ್ಲಿ ತುಕ್ಕು ಕೂತಿರುತ್ತದೆ. ಬಾಗಿಲಿನ ಅಡಿಯಲ್ಲಿ ನೀರು ಇಳಿದುಹೋಗಲೆಂದು ಬಿಟ್ಟಿರುವ ಸಣ್ಣ ತೂತುಗಳಿಗೆ ಬೆರಳಾಡಿಸಿದರೆ ಕೆಂಪು ಪುಡಿ ಕೈಗೆ ಹತ್ತುತ್ತದೆ. ಎಂಟು ವರ್ಷದ ಕಾರಿನ ತಳಕ್ಕೆ ಮೊನ್ನೆ ಮೊನ್ನೆ ಬಳಿದಂತೆ ಕರಿ ಕೋಟಿಂಗ್ ಕಂಡರೆ ಅದು ಕಾಳಜಿಯೂ ಇರಬಹುದು, ಮರೆಮಾಚುವಿಕೆಯೂ ಇರಬಹುದು. ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡಿದರೆ ಗಟ್ಟಿ ತಗಡು ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡುತ್ತದೆ.

ಮಲೆನಾಡಿನ ಕಾರುಗಳಲ್ಲಿ ನೋಡಬೇಕಾದದ್ದು ಬ್ರೇಕ್, ಕ್ಲಚ್, ಸಸ್ಪೆನ್ಷನ್. ಎಸ್ಟೇಟಿನ ಕಚ್ಚಾ ದಾರಿಯಲ್ಲಿ ಓಡಿದ ಕಾರಿನ ಆಯಿಲ್ ಸಂಪಿಗೆ ಕಲ್ಲು ಬಡಿದ ಗುರುತು ಇದ್ದೇ ಇರುತ್ತದೆ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯ ಕಾರಿಗೆ ತುಕ್ಕಿನ ಭಯ ಕಡಿಮೆ. ಅಲ್ಲಿನ ಬಿಸಿಲು ಕಾಡುವುದು ರಬ್ಬರಿಗೆ, ಬ್ಯಾಟರಿಗೆ, ಎಸಿಗೆ. ಕಿಟಕಿಯ ಬೀಡಿಂಗ್ ಬಿರುಕು ಬಿಟ್ಟಿರುತ್ತದೆ, ಡ್ಯಾಶ್‌ಬೋರ್ಡ್ ಬಣ್ಣ ಕಳೆದುಕೊಂಡಿರುತ್ತದೆ. ಅಲ್ಲಿಯ ದೂಳಿನಲ್ಲಿ ಏರ್ ಫಿಲ್ಟರ್ ಬದಲಾಯಿಸದೆ ಓಡಿಸಿದ್ದರೆ ಇಂಜಿನ್ ಬೋರ್ ಬೇಗ ಸವೆದಿರುತ್ತದೆ. ಒಟ್ಟಿನಲ್ಲಿ ತುಕ್ಕು ಹಿಡಿದ ಬಾಡಿಯಲ್ಲಿರುವ ಒಳ್ಳೆಯ ಇಂಜಿನ್‌ಗಿಂತ ದಣಿದ ಇಂಜಿನ್ ಇರುವ ಗಟ್ಟಿ ಬಾಡಿ ಮೇಲು. ಇಂಜಿನ್ ಕೆಲಸ ಮಾಡಿಸಬಹುದು, ಕರಗಿದ ತಗಡನ್ನು ಮೊದಲಿನಂತೆ ಮಾಡುವುದು ಆಗದ ಮಾತು.

ನಂಬರ್ ಪ್ಲೇಟಿನ ಕೆಎ-19, ಕೆಎ-20 ಎಂಬ ಆರ್‌ಟಿಒ ಸಂಖ್ಯೆ ಕಾರು ಮೊದಲು ನೋಂದಣಿಯಾದ ಊರನ್ನಷ್ಟೇ ಹೇಳುತ್ತದೆ. ಆಮೇಲೆ ಎಲ್ಲೆಲ್ಲಿ ಇತ್ತು ಎಂಬುದಕ್ಕೆ ಸರ್ವಿಸ್ ದಾಖಲೆಯೇ ಸಾಕ್ಷಿ. ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಗಾಡಿ ನಂಬರ್ ಕೊಟ್ಟರೆ, ಓನರ್ ಒಪ್ಪಿಗೆಯಿದ್ದಲ್ಲಿ, ಯಾವ ಊರಿನಲ್ಲಿ ಯಾವ ದಿನ ಎಷ್ಟು ಕಿಲೋಮೀಟರಿಗೆ ಏನೇನು ಕೆಲಸ ಆಗಿದೆ ಎಂಬ ಪಟ್ಟಿ ಸಿಗುತ್ತದೆ. ಮೀಟರ್ ಹಿಂದಕ್ಕೆ ತಿರುಗಿಸಿದ್ದರೆ ಸಿಕ್ಕಿಬೀಳುವುದೂ ಇಲ್ಲಿಯೇ.

ದೆಹಲಿ ಗಾಡಿ, ನೀರು ಕುಡಿದ ಗಾಡಿ

ಕರ್ನಾಟಕದ ಮಾರುಕಟ್ಟೆಗೆ ಹೊರರಾಜ್ಯದ ಕಾರುಗಳು, ಅದರಲ್ಲೂ ದೆಹಲಿಯವು, ಬಹಳ ಬರುತ್ತವೆ. ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ವರ್ಷ ದಾಟಿದ ಪೆಟ್ರೋಲ್ ಗಾಡಿಗಳು ದೆಹಲಿ ಪ್ರದೇಶದಲ್ಲಿ ಓಡಬಾರದು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆದೇಶಿಸಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಮೇಲೆ ಈ ನಿಯಮದಲ್ಲಿ ಸಡಿಲಿಕೆ, ಬದಲಾವಣೆ ಆಗುತ್ತ ಬಂದಿವೆ. ಆದರೂ ಅಲ್ಲಿ ಎಂಟು ವರ್ಷದ ಡೀಸೆಲ್ ಕಾರಿಗೆ ಬೇಡಿಕೆ ಕುಸಿದು, ಅದು ದಕ್ಷಿಣಕ್ಕೆ ಕಡಿಮೆ ಬೆಲೆಗೆ ಬರುವುದು ನಿಂತಿಲ್ಲ.

ಅಗ್ಗವಾಗಿ ಕಂಡ ಕಾರು ಇಲ್ಲಿ ಅಗ್ಗವಾಗಿ ಉಳಿಯುವುದು ಅಪರೂಪ. ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನಂತೆ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇರಿಸಿಕೊಂಡ ಗಾಡಿಗೆ ಆ ರಾಜ್ಯದ ನಂಬರ್ ಪಡೆಯಬೇಕು. ಅದಕ್ಕೆ ಮೂಲ ಆರ್‌ಟಿಒದಿಂದ ಎನ್‌ಒಸಿ ಬೇಕು, ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಬೇಕು. ಈ ತೆರಿಗೆ ಕಾರಿನ ಮೂಲ ಬೆಲೆ ಮತ್ತು ವಯಸ್ಸಿನ ಮೇಲೆ ನಿಗದಿಯಾಗುವುದರಿಂದ ದುಬಾರಿ ಎಸ್‌ಯುವಿಗಳಿಗೆ ಲಕ್ಷಗಳಲ್ಲೇ ಬೀಳುತ್ತದೆ. ಹಿಂದಿನ ರಾಜ್ಯದಲ್ಲಿ ಕಟ್ಟಿದ ತೆರಿಗೆಯ ಬಾಕಿ ಭಾಗವನ್ನು ವಾಪಸ್ ಪಡೆಯುವ ಅವಕಾಶ ಇದೆ, ಓಡಾಟ ಜಾಸ್ತಿ. ದೆಹಲಿ ಕಾರಿನ ಲೆಕ್ಕ ಹಾಕುವಾಗ ಈ ತೆರಿಗೆಯನ್ನು ಕಾರಿನ ಬೆಲೆಗೆ ಕೂಡಿಸಿಯೇ ಹೋಲಿಸಬೇಕು. ರಾಜ್ಯದಿಂದ ರಾಜ್ಯಕ್ಕೆ ವರ್ಗವಾಗುವ ನೌಕರರಿಗೆಂದು 2021ರಲ್ಲಿ ಬಂದ ಬಿಎಚ್ ಸರಣಿಯ ಗಾಡಿಗಳಿಗೆ ತೆರಿಗೆ ಎರಡು ವರ್ಷಕ್ಕೊಮ್ಮೆ ಕಟ್ಟುವ ಕ್ರಮ ಇದೆ. ಅವನ್ನು ಕೊಳ್ಳುವವರಿಗೆ ಬಿಎಚ್ ಅರ್ಹತೆ ಇಲ್ಲದಿದ್ದರೆ ಮಾಮೂಲಿ ನಂಬರಿಗೆ ಬದಲಾಯಿಸಿಕೊಳ್ಳುವ ಖರ್ಚು ತಲೆಮೇಲೆ ಬರುತ್ತದೆ.

ನೀರಿನಲ್ಲಿ ಮುಳುಗಿದ ಕಾರು ಇನ್ನೂ ಅಪಾಯದ ಸರಕು. 2015ರ ಡಿಸೆಂಬರಿನ ಚೆನ್ನೈ ಪ್ರವಾಹ, 2018ರ ಆಗಸ್ಟಿನ ಕೇರಳ ಪ್ರವಾಹ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು ಸುತ್ತಲಿನ ಬಡಾವಣೆಗಳು ಜಲಾವೃತವಾದದ್ದು, ಪ್ರತಿಯೊಂದರಲ್ಲೂ ದೊಡ್ಡ ಸಂಖ್ಯೆಯ ಕಾರುಗಳು ಮುಳುಗಿದವು. ವಿಮಾ ಕಂಪನಿ 'ಟೋಟಲ್ ಲಾಸ್' ಎಂದು ಕೈಬಿಟ್ಟ ಇಂಥ ಕಾರುಗಳಲ್ಲಿ ಕೆಲವು ಹರಾಜಾಗಿ, ತೊಳೆದು ಒಣಗಿ, ಮತ್ತೆ ಮಾರಾಟಕ್ಕೆ ಬರುತ್ತವೆ. ಇಂಜಿನ್ ಸರಿಮಾಡಿದರೂ ವೈರಿಂಗ್ ಒಳಗೆ ಸೇರಿದ ತೇವ ಎರಡು ಮೂರು ವರ್ಷ ಸತಾಯಿಸುತ್ತದೆ: ಇವತ್ತು ಪವರ್ ವಿಂಡೋ, ನಾಳೆ ಎಬಿಎಸ್ ದೀಪ, ನಾಡಿದ್ದು ಸ್ಟಾರ್ಟೇ ಇಲ್ಲ.

ಪತ್ತೆಗೆ ಒಳ್ಳೆಯ ಜಾಗ ಸೀಟ್ ಬೆಲ್ಟ್. ಅದನ್ನು ಕೊನೆಯವರೆಗೂ ಎಳೆದು ನೋಡಿದರೆ, ಯಾರೂ ತೊಳೆಯಲು ಹೋಗದ ಕೊನೆಯ ಒಂದಡಿ ಪಟ್ಟಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟಿನ ಕೆಳಗಿನ ಹಳಿಗಳ ತುಕ್ಕು, ಕಾರ್ಪೆಟ್ ಅಡಿಯ ಫೋಮಿನ ಮುಗ್ಗಲು ವಾಸನೆ, ಹೆಡ್‌ಲೈಟ್ ಒಳಗಿನ ಮಂಜು ಇವೂ ಅದನ್ನೇ ಹೇಳುತ್ತವೆ. ಕಾರಿನೊಳಗೆ ವಿಪರೀತ ಪರ್ಫ್ಯೂಮ್ ವಾಸನೆ ಇದ್ದರೆ ಕಾರ್ಪೆಟ್ ಎತ್ತಿ ನೋಡದೆ ಮುಂದಿನ ಮಾತು ಬೇಡ.

ಕಾಗದಪತ್ರ

ಕಾರು ನೋಡುವ ಮೊದಲೇ ಅದರ ನಂಬರ್ ಪಡೆದು, ಪರಿವಾಹನ್ ಜಾಲತಾಣ ಅಥವಾ ಎಂ-ಪರಿವಾಹನ್ ಆ್ಯಪಿನಲ್ಲಿ ಹಾಕಿ ನೋಡುವುದರಿಂದ ಅರ್ಧ ಓಡಾಟ ತಪ್ಪುತ್ತದೆ. ನೋಂದಣಿಯ ದಿನಾಂಕ, ಇಂಧನ, ವಿಮೆ ಯಾವತ್ತಿನವರೆಗೆ, ಸಾಲ ಕೊಟ್ಟ ಬ್ಯಾಂಕಿನ ಹೆಸರು ಇದೆಯೇ ಎಂಬುದೆಲ್ಲ ಅಲ್ಲಿ ಬರುತ್ತದೆ. ಟ್ರಾಫಿಕ್ ದಂಡದ ಬಾಕಿಯನ್ನೂ ಗಾಡಿ ನಂಬರಿನ ಮೇಲೆ ನೋಡಬಹುದು. ಬೆಂಗಳೂರಿನ ಹಳೆ ಕಾರುಗಳ ಮೇಲೆ ಈ ಬಾಕಿ ಸಾವಿರಗಳಲ್ಲಿ ಇರುವುದು ವಿಶೇಷವೇನಲ್ಲ; ಅದನ್ನು ಮಾರುವವರೇ ಕಟ್ಟಿ ರಸೀತಿ ಕೊಡಬೇಕು.

ಆರ್‌ಸಿಯಲ್ಲಿ ಮುದ್ರಿತವಾದ ಚಾಸಿ ನಂಬರ್ ಮತ್ತು ಇಂಜಿನ್ ನಂಬರ್ ಕಾರಿನ ಮೇಲೆ ಕೊರೆದದ್ದಕ್ಕೆ ಅಕ್ಷರ ಅಕ್ಷರ ತಾಳೆಯಾಗಬೇಕು. ಚಾಸಿ ನಂಬರ್ 17 ಅಕ್ಷರ–ಅಂಕಿಗಳದ್ದು. ಕೊರೆದ ಜಾಗದ ಸುತ್ತ ವೆಲ್ಡಿಂಗ್ ಅಥವಾ ಹೊಸ ಪೇಂಟ್ ಕಂಡರೆ ವ್ಯವಹಾರ ಅಲ್ಲಿಗೇ ನಿಲ್ಲಿಸುವುದು ಲೇಸು. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೆಯೇ ಉಳಿದಿರುವುದು ಸಾಮಾನ್ಯ. ಅದನ್ನು ತೆಗೆಸಲು ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಬೇಕು, ಹಳೆಯ ಎನ್‌ಒಸಿಯ ಅವಧಿ ಮುಗಿದಿದ್ದರೆ ಬ್ಯಾಂಕಿಗೆ ಇನ್ನೊಮ್ಮೆ ಅಲೆಯಬೇಕು. ಆ ಅಲೆದಾಟ ಮಾರುವವರದ್ದಾಗಿರುವಂತೆ ನೋಡಿಕೊಳ್ಳಬೇಕು, ಪೂರ್ತಿ ಹಣ ಅದಕ್ಕೆ ಮೊದಲು ಕೈಬದಲಾಗಬಾರದು.

ಹಿಂದೆ ಟ್ಯಾಕ್ಸಿಯಾಗಿದ್ದು ಆಮೇಲೆ ಸ್ವಂತ ಬಳಕೆಗೆ ಬದಲಾದ ಕಾರುಗಳೂ ಮಾರುಕಟ್ಟೆಯಲ್ಲಿವೆ. ಇಂಥ ಕಾರಿನಲ್ಲಿ ಡ್ರೈವರ್ ಸೀಟಿಗಿಂತ ಹಿಂದಿನ ಎಡಬಾಗಿಲಿನ ಹಿಡಿ ಮತ್ತು ಹಿಂದಿನ ಸೀಟು ಹೆಚ್ಚು ಸವೆದಿರುತ್ತವೆ, ಚಾವಣಿಯಲ್ಲಿ ಕ್ಯಾರಿಯರ್ ಕೂತಿದ್ದ ಗುರುತು ಇರುತ್ತದೆ. ಸ್ವಂತ ಕಾರುಗಳಲ್ಲಿ ಸಾಮಾನ್ಯವಾಗಿ ಇದರ ತಿರುಗುಮುರುಗು.

ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಒಂದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ಅರ್ಜಿ ಹಾಕಬೇಕು. ಸಹಿ ಮಾಡಿದ ಖಾಲಿ ಫಾರಂಗಳನ್ನು ಬ್ರೋಕರ್ ಕೈಗೆ ಕೊಟ್ಟು ನಿಶ್ಚಿಂತರಾಗುವ ಮಾರಾಟಗಾರರು ಈಗಲೂ ಇದ್ದಾರೆ. ಇದರ ಪರಿಣಾಮ ಏನಾಗಬಹುದು ಎಂಬುದಕ್ಕೆ 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ನಿದರ್ಶನ. 2007ರಲ್ಲಿ ಮಾರಿದ ಕಾರೊಂದು ಒಬ್ಬರಿಂದ ಒಬ್ಬರಿಗೆ ಕೈಬದಲಾಗುತ್ತ ಹೋಯಿತು. ಯಾರೂ ಆರ್‌ಸಿಯಲ್ಲಿ ಹೆಸರು ಬದಲಿಸಿಕೊಳ್ಳಲಿಲ್ಲ. 2009ರಲ್ಲಿ ಅದು ಅಪಘಾತ ಮಾಡಿತು. ಪರಿಹಾರದ ಹೊಣೆ ಬಿದ್ದದ್ದು ಕಾರನ್ನು ಎಂದೋ ಮಾರಿದ್ದ ಮೊದಲ ಓನರ್ ಮೇಲೆ, ಏಕೆಂದರೆ ನೋಂದಣಿಯಲ್ಲಿ ಇದ್ದದ್ದು ಅವರ ಹೆಸರು. ಕಾರು ಒಪ್ಪಿಸುವ ದಿನ ಡೆಲಿವರಿ ನೋಟಿನಲ್ಲಿ ತಾರೀಖಿನ ಜೊತೆ ಗಂಟೆ–ನಿಮಿಷವನ್ನೂ ಬರೆದು ಇಬ್ಬರೂ ಸಹಿ ಹಾಕುವ ರೂಢಿ ಬಂದದ್ದು ಇಂಥ ಪ್ರಸಂಗಗಳಿಂದಲೇ.

ವಿಮೆಯ ವಿಷಯದಲ್ಲಿ ಗೊಂದಲ ಹೆಚ್ಚು. ಕಾರಿನ ಜೊತೆ ಥರ್ಡ್ ಪಾರ್ಟಿ ವಿಮೆ ಹೊಸ ಓನರಿಗೆ ತಾನಾಗಿ ಬರುತ್ತದೆ. ಕಾರಿನ ಸ್ವಂತ ಹಾನಿಗೆ ಕ್ಲೇಮ್ ಬೇಕಾದರೆ ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲೇಬೇಕು, ಅದಕ್ಕೆ 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಡಬೇಕು. ಐದು ವರ್ಷ ಕ್ಲೇಮ್ ಇಲ್ಲದಿದ್ದರೆ ಶೇ 50ರವರೆಗೆ ಸಿಗುವ ನೋ ಕ್ಲೇಮ್ ಬೋನಸ್ ಕಾರಿನದಲ್ಲ, ಓನರಿನದು. ಕಾರು ಕೊಂಡವರಿಗೆ ಅದು ಬರುವುದಿಲ್ಲ. ಹಳೆಯ ಪಾಲಿಸಿಯಿಂದ ಇನ್ನೊಂದು ಉಪಯೋಗ ಉಂಟು. ಆ ಪಾಲಿಸಿಯಲ್ಲಿ ಬೋನಸ್ ಸೊನ್ನೆ ಎಂದಿದ್ದರೆ ಹಿಂದಿನ ವರ್ಷ ಕ್ಲೇಮ್ ಆಗಿರುವ ಸಾಧ್ಯತೆ ದೊಡ್ಡದು, ಅಂದರೆ ಕಾರಿಗೆ ಪೆಟ್ಟು ಬಿದ್ದಿರಬಹುದು.

ಡೀಲರ್ ಮೂಲಕ ಕೊಳ್ಳುವವರಿಗೆ 2023ರ ಏಪ್ರಿಲ್ 1ರಿಂದ ಒಂದು ಆಸರೆ ಇದೆ. ಬಳಸಿದ ವಾಹನಗಳ ಡೀಲರುಗಳು ನೋಂದಣಿ ಪ್ರಾಧಿಕಾರದಿಂದ ಅಧಿಕಾರ ಪತ್ರ ಪಡೆಯಬೇಕು; ಗಾಡಿ ಅವರ ಕೈಗೆ ಹೋದದ್ದನ್ನು ಓನರ್ ತಿಳಿಸಿದ ಮೇಲೆ ಅದರ ಹೊಣೆ ಡೀಲರಿನದು. ಡೀಲರ್ ಮಾರಿದ ಕಾರಿಗೆ ಶೇ 18ರ ಜಿಎಸ್‌ಟಿ ಇದ್ದರೂ ಅದು ಲಾಭದ ಅಂತರದ ಮೇಲೆ ಮಾತ್ರ, ಪೂರ್ತಿ ಬೆಲೆಯ ಮೇಲಲ್ಲ. ನೇರವಾಗಿ ವ್ಯಕ್ತಿಯಿಂದ ವ್ಯಕ್ತಿಗೆ ಆದ ಮಾರಾಟಕ್ಕೆ ಜಿಎಸ್‌ಟಿ ಇಲ್ಲವೇ ಇಲ್ಲ.

ಬೆಲೆ ಕಟ್ಟುವುದಕ್ಕೆ ಒಂದು ಆಧಾರ ಪಾಲಿಸಿಯಲ್ಲಿರುವ ಐಡಿವಿ, ಅಂದರೆ ವಿಮೆಗಾಗಿ ಘೋಷಿಸಿದ ಕಾರಿನ ಮೌಲ್ಯ. ಮೊದಲ ವರ್ಷದ ಕೊನೆಗೆ ಶೇ 15, ಎರಡನೆಯದರ ಕೊನೆಗೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50 ಎಂದು ಸವಕಳಿ ಕಳೆಯುತ್ತ ಹೋಗುವ ಲೆಕ್ಕ ಅದು. ಮಾರುಕಟ್ಟೆ ಇದನ್ನು ಅಕ್ಷರಶಃ ಪಾಲಿಸುವುದಿಲ್ಲ. ಸುಲಭವಾಗಿ ಬಿಡಿಭಾಗ ಸಿಗುವ ಮಾರುತಿ, ಟೊಯೊಟಾ ಕಾರುಗಳು ಐಡಿವಿಗಿಂತ ಮೇಲೆ ಹೋಗುತ್ತವೆ, ಭಾರತ ಬಿಟ್ಟುಹೋದ ಕಂಪನಿಗಳ ಕಾರುಗಳು ಕೆಳಗಿಳಿಯುತ್ತವೆ. ಷೆವರ್ಲೆ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಜೊತೆಗೆ 2025ರ ಸೆಪ್ಟೆಂಬರ್ 22ರಿಂದ ಹೊಸ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಅದಕ್ಕೆ ಮೊದಲಿನ ಬೆಲೆ ಹಿಡಿದುಕೊಂಡು ಎರಡು ವರ್ಷದ ಹ್ಯಾಚ್‌ಬ್ಯಾಕ್ ಮಾರಲು ಕೂತವರ ಜೊತೆ ಹೊಸ ಕಾರಿನ ಈಗಿನ ದರಪಟ್ಟಿ ಮುಂದಿಟ್ಟೇ ಮಾತಾಡಬೇಕು.

ಬಾನೆಟ್ ಎತ್ತಿದ ಮೇಲೆ

ಕಾರನ್ನು ನೋಡಲು ಬೆಳಗಿನ ಹೊತ್ತು ಹೋಗುವುದು ಒಳ್ಳೆಯದು. ಹಗಲ ಬೆಳಕಿನಲ್ಲಿ ಪೇಂಟಿನ ಬಣ್ಣವ್ಯತ್ಯಾಸ ಕಾಣುತ್ತದೆ, ರಾತ್ರಿಯಿಡೀ ನಿಂತ ಇಂಜಿನ್ ತಣ್ಣಗಿರುತ್ತದೆ. ಬಾನೆಟ್ ಮುಟ್ಟಿದಾಗ ಬಿಸಿಯಿದ್ದರೆ ಮಾರುವವರು ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಎಂದರ್ಥ. ತಣ್ಣಗಿನ ಇಂಜಿನ್ ಮೊದಲ ಸೆಲ್ಫಿನಲ್ಲಿ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ, ಶುರುವಾದ ಕ್ಷಣ ಚೈನಿನ ಗಲಗಲ ಸದ್ದು ಬರುತ್ತದೆಯೇ, ಸೈಲೆನ್ಸರಿನಿಂದ ಯಾವ ಬಣ್ಣದ ಹೊಗೆ ಏಳುತ್ತದೆ ಎಂಬುದು ಆ ಅರ್ಧ ನಿಮಿಷದಲ್ಲೇ ಗೊತ್ತಾಗುವಂಥದ್ದು. ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ, ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ. ಚಳಿಯ ಬೆಳಗಿನ ತೆಳು ಬಿಳಿ ಆವಿಗೆ ಹೆದರಬೇಕಿಲ್ಲ. ಇಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಸಿಹಿ ವಾಸನೆಯೊಂದಿಗೆ ಬರುತ್ತಿದ್ದರೆ ಕೂಲೆಂಟ್ ಒಳಗೆ ಉರಿಯುತ್ತಿದೆ. ಡೀಸೆಲ್ ಗಾಡಿಯ ಕಪ್ಪು ಹೊಗೆ ಇಂಜೆಕ್ಟರ್ ಅಥವಾ ಟರ್ಬೊ ಕಡೆ ಬೊಟ್ಟು ಮಾಡುತ್ತದೆ.

ಆಯಿಲ್ ತುಂಬುವ ಮುಚ್ಚಳ ತೆಗೆದು ಅದರ ಒಳಮೈ ನೋಡಿದರೆ ಇನ್ನಷ್ಟು ತಿಳಿಯುತ್ತದೆ. ಅಲ್ಲಿ ಮಜ್ಜಿಗೆ ಬಣ್ಣದ ಲೋಳೆ ಮೆತ್ತಿದ್ದರೆ ಆಯಿಲ್‌ಗೆ ನೀರು ಸೇರುತ್ತಿರಬಹುದು, ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಕೂಲೆಂಟ್ ಟ್ಯಾಂಕಿನಲ್ಲಿ ಹಸಿರು ಅಥವಾ ಗುಲಾಬಿ ದ್ರವದ ಬದಲು ತುಕ್ಕುಬಣ್ಣದ ನೀರಿದ್ದರೆ ಹಿಂದಿನವರು ಬೋರ್‌ವೆಲ್ ನೀರು ತುಂಬಿಸಿ ಓಡಿಸಿದ್ದಾರೆ. ಕೋಲಾರ, ಚಿಕ್ಕಬಳ್ಳಾಪುರದ ಗಡಸು ನೀರು ರೇಡಿಯೇಟರ್ ಕೊಳವೆಗಳಲ್ಲಿ ಪಾತ್ರೆ ತಳದ ಹಾಗೆ ಸುಣ್ಣ ಕಟ್ಟುತ್ತದೆ.

ಅಪಘಾತದ ಗುರುತು ಹುಡುಕುವುದು ತಾಳ್ಮೆಯ ಕೆಲಸ. ಬಾನೆಟ್, ಫೆಂಡರ್, ಬಾಗಿಲುಗಳ ನಡುವಿನ ಸಂದು ಎರಡೂ ಬದಿ ಒಂದೇ ಅಗಲ ಇರಬೇಕು. ಬಾನೆಟ್ ಮತ್ತು ಫೆಂಡರ್ ಬೋಲ್ಟುಗಳ ತಲೆಯ ಮೇಲಿನ ಪೇಂಟ್ ಮುರಿದಿದ್ದರೆ ಅಲ್ಲಿ ಪಾನ ಆಡಿದೆ. ಪೇಂಟಿನ ದಪ್ಪ ಅಳೆಯುವ ಸಣ್ಣ ಉಪಕರಣ ಈಗ ಮೆಕ್ಯಾನಿಕ್‌ಗಳ ಬಳಿ ಸಿಗುತ್ತದೆ. ಕಾರ್ಖಾನೆಯ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸು; ಪುಟ್ಟಿ ಹಾಕಿ ಬಳಿದಲ್ಲಿ ಅದು ಹಲವು ನೂರು ದಾಟುತ್ತದೆ. ಬೆಂಗಳೂರಿನ ಕಾರಿನ ಬಂಪರ್ ಬದಲಾಗಿದ್ದರೆ, ಒಂದು ಬಾಗಿಲಿಗೆ ಪೇಂಟ್ ಆಗಿದ್ದರೆ ತಲೆಕೆಡಿಸಿಕೊಳ್ಳಬೇಕಿಲ್ಲ. ಚಾವಣಿ ಹೊರುವ ಪಿಲ್ಲರ್, ಇಂಜಿನ್ ಎರಡೂ ಬದಿಯ ಏಪ್ರನ್, ಡಿಕ್ಕಿಯ ತಳ ಇವುಗಳಲ್ಲಿ ಟಿಂಕರಿಂಗ್ ಆಗಿದ್ದರೆ ಮಾತ್ರ ಬೆಲೆ ಎಷ್ಟೇ ಇಳಿದರೂ ಬೇಡ ಎನ್ನಬೇಕು. ಗಾಜುಗಳ ಮೂಲೆಯಲ್ಲಿ ತಯಾರಕರ ಗುರುತು ಇರುತ್ತದೆ. ಮುಂದಿನ ಗಾಜು ಕಲ್ಲು ಬಿದ್ದು ಬದಲಾಗುವುದು ಇದ್ದದ್ದೇ. ಬಾಗಿಲಿನ ಗಾಜು ಮಾತ್ರ ಬೇರೆ ಕಂಪನಿಯದ್ದಾಗಿದ್ದರೆ ಆ ಬದಿಗೆ ಏಟು ಬಿದ್ದಿದೆ.

ಕೀ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಹೊತ್ತಿ, ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದೆ ಉಳಿದರೆ ದೋಷವಿದೆ ಎಂಬುದು ಎಲ್ಲರಿಗೂ ಗೊತ್ತು. ಹೊತ್ತಿಕೊಳ್ಳದೇ ಇದ್ದರೆ ಅದು ಇನ್ನೂ ಕೆಟ್ಟದ್ದು: ಅಪಘಾತದಲ್ಲಿ ಏರ್‌ಬ್ಯಾಗ್ ಒಡೆದು, ಹೊಸದು ಹಾಕಿಸುವ ಖರ್ಚು ಉಳಿಸಲು ದೀಪವನ್ನೇ ಕಿತ್ತಿರಬಹುದು. ಮೆಕ್ಯಾನಿಕ್ ಒಬಿಡಿ ಸ್ಕ್ಯಾನರ್ ಚುಚ್ಚಿ ನೋಡಿದಾಗ ಯಾವ ದೋಷಸೂಚಿಯೂ ಇಲ್ಲ ಎಂದು ಬಂದರೂ, ಕಾರಿನ ಸ್ವಯಂ ಪರೀಕ್ಷೆಗಳು ಪೂರ್ಣವಾಗಿಲ್ಲ ಎಂದು ಅದೇ ಸ್ಕ್ಯಾನರ್ ತೋರಿಸಿದರೆ, ಹಿಂದಿನ ದಿನವೇ ಯಾರೋ ದೋಷಗಳನ್ನು ಅಳಿಸಿದ್ದಾರೆ ಅಥವಾ ಬ್ಯಾಟರಿ ಕಳಚಿದ್ದಾರೆ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದರೆ 2019ರ 23ನೇ ವಾರ. 25,000 ಕಿಲೋಮೀಟರ್ ತೋರಿಸುವ 2019ರ ಕಾರಿಗೆ 2023ರ ಟೈರುಗಳಿದ್ದರೆ ಮೊದಲಿನ ಟೈರು ಅಷ್ಟು ಬೇಗ ಏಕೆ ಸವೆದವು ಎಂದು ಕೇಳಬೇಕು. ಮೀಟರ್ ಸುಳ್ಳು ಹೇಳಿದರೂ ಕ್ಲಚ್ ಪೆಡಲಿನ ಸವೆದ ರಬ್ಬರ್, ನುಣುಪಾಗಿ ಹೊಳೆಯುವ ಸ್ಟಿಯರಿಂಗ್, ಹತ್ತಿಳಿದು ಕುಸಿದ ಡ್ರೈವರ್ ಸೀಟಿನ ಬಲ ಅಂಚು ಸುಳ್ಳು ಹೇಳಲಾರವು.

ಓಡಿಸಿ ನೋಡುವುದು ಎಂದರೆ ಬಡಾವಣೆಯಲ್ಲಿ ಒಂದು ಸುತ್ತು ಹಾಕಿ ಬರುವುದಲ್ಲ. ನಾಲ್ಕನೇ ಗೇರಿನಲ್ಲಿ ಹೋಗುತ್ತಿರುವಾಗ ಆಕ್ಸಲರೇಟರ್ ಜೋರಾಗಿ ಒತ್ತಿದರೆ ಆರ್‌ಪಿಎಂ ಮುಳ್ಳು ಏರಿ ವೇಗ ಏರದೇ ಇದ್ದಲ್ಲಿ ಕ್ಲಚ್ ಪ್ಲೇಟ್ ಮುಗಿದಿದೆ. ಖಾಲಿ ಜಾಗದಲ್ಲಿ ಸ್ಟಿಯರಿಂಗನ್ನು ಪೂರ್ತಿ ಒಂದು ಕಡೆ ತಿರುಗಿಸಿ ನಿಧಾನ ಚಲಿಸಿದಾಗ ಟಕ್ ಟಕ್ ಎಂದರೆ ಆಕ್ಸಲ್ ಜಾಯಿಂಟ್ ಸವೆದಿದೆ. 80ರ ವೇಗದಲ್ಲಿ ಬ್ರೇಕ್ ಒತ್ತಿದಾಗ ಸ್ಟಿಯರಿಂಗ್ ನಡುಗಿದರೆ ಡಿಸ್ಕ್ ಡೊಂಕಾಗಿದೆ. ಮ್ಯೂಸಿಕ್ ಸಿಸ್ಟಮ್ ಚೆನ್ನಾಗಿದೆ ಎಂದು ತೋರಿಸಲು ಮಾರುವವರು ಉತ್ಸುಕರಾದರೆ ನಯವಾಗಿ ಅದನ್ನು ಬಂದ್ ಮಾಡಿಸಬೇಕು. ಕೇಳಬೇಕಾದ ಸದ್ದುಗಳು ಬೇರೆ ಇವೆ.

ಯಾವ ಇಂಧನದ್ದು ಎಂಬುದು ಓಡಾಟ ನೋಡಿ ತೀರ್ಮಾನಿಸಬೇಕಾದದ್ದು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇದೆ. ಅದರಲ್ಲಿ ಕಟ್ಟಿದ ಮಸಿ ಸುಟ್ಟುಹೋಗಲು ಆಗಾಗ ಹೆದ್ದಾರಿಯ ಸ್ಥಿರ ವೇಗದಲ್ಲಿ ಓಡಬೇಕು. ದಿನಾ ನಾಲ್ಕು ಕಿಲೋಮೀಟರ್ ಮಕ್ಕಳ ಶಾಲೆಗೆ ಹೋಗಿಬರುವುದಕ್ಕೆ ಇಂಥ ಕಾರು ಕೊಂಡರೆ ಫಿಲ್ಟರ್ ಕಟ್ಟಿಕೊಂಡು ದೊಡ್ಡ ಬಿಲ್ ಬರುತ್ತದೆ. ಪೆಟ್ರೋಲ್ ಕಾರುಗಳಲ್ಲಿ 2023ರ ಏಪ್ರಿಲ್‌ಗೆ ಮೊದಲಿನವುಗಳ ಸಮಸ್ಯೆ ಪೆಟ್ರೋಲಿಗೆ ಬೆರೆಸುವ ಶೇ 20ರ ಎಥೆನಾಲ್. ಮೈಲೇಜ್ ಸ್ವಲ್ಪ ಇಳಿಯುತ್ತದೆ, ತೀರಾ ಹಳೆಯ ಕಾರುಗಳ ಪೆಟ್ರೋಲ್ ಪೈಪ್, ಸೀಲ್‌ಗಳ ರಬ್ಬರ್ ಮೆತ್ತಗಾಗಬಹುದು. ಸಿಎನ್‌ಜಿ ಕಿಟ್ ಇದ್ದರೆ ಅದು ಆರ್‌ಸಿಯಲ್ಲಿ ನಮೂದಾಗಿರಬೇಕು, ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಆಗುವ ಒತ್ತಡ ಪರೀಕ್ಷೆಯ ಪ್ರಮಾಣಪತ್ರ ಇರಬೇಕು.

ಮನೆಗೆ ಬಂದ ಮೇಲೆ

ಮಾರುವವರು 'ಮೊನ್ನೆಯಷ್ಟೇ ಸರ್ವಿಸ್ ಆಗಿದೆ' ಎಂದರೂ ಬಿಲ್ ಇಲ್ಲದಿದ್ದರೆ ಆಗಿಲ್ಲವೆಂದೇ ತಿಳಿದು ಎಲ್ಲ ದ್ರವಗಳನ್ನೂ ಬದಲಿಸಿ ಹೊಸ ಲೆಕ್ಕ ಶುರುಮಾಡುವುದು ಜಾಣತನ: ಇಂಜಿನ್ ಆಯಿಲ್, ಅದರ ಫಿಲ್ಟರ್, ಏರ್ ಫಿಲ್ಟರ್, ಕೂಲೆಂಟ್, ಬ್ರೇಕ್ ಆಯಿಲ್. ಈ ಖರ್ಚಿಗೆಂದು ಕಾರಿನ ಬೆಲೆಯ ಹತ್ತನೇ ಒಂದು ಭಾಗ ಕೈಯಲ್ಲಿಟ್ಟುಕೊಂಡು ಹೊರಡುವವರು ಮುಂದೆ ಪರದಾಡುವುದು ಕಡಿಮೆ. ಟೈಮಿಂಗ್ ಬೆಲ್ಟ್ ಇರುವ ಇಂಜಿನ್ ಆದರೆ ಅದು ಯಾವಾಗ ಬದಲಾಯಿತು ಎಂಬ ದಾಖಲೆ ಸಿಗದಿದ್ದಾಗ ಬೆಲ್ಟನ್ನೂ ಬದಲಿಸಬೇಕು. ಓಡುವಾಗ ಅದು ತುಂಡಾದರೆ ವಾಲ್ವುಗಳು ಪಿಸ್ಟನ್‌ಗೆ ಬಡಿದು ಇಂಜಿನ್ನೇ ಬಿಚ್ಚಬೇಕಾಗುತ್ತದೆ.

ಆಮೇಲಿನ ಪಾಲನೆ ಬಹುಪಾಲು ಮಾಮೂಲು. ಹೆಚ್ಚಿನ ಕಾರುಗಳಿಗೆ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದಕ್ಕೆ ಆಯಿಲ್ ಬದಲಾವಣೆ. ವರ್ಷಕ್ಕೆ 3,000 ಕಿಲೋಮೀಟರ್ ಮಾತ್ರ ಓಡುವ ಕಾರಿಗೂ ವರ್ಷದ ಗಡುವು ಅನ್ವಯಿಸುತ್ತದೆ, ಜನ ಮರೆಯುವುದು ಇದನ್ನೇ. ಮರೆಯಬಾರದ ಇನ್ನೊಂದು ಬ್ರೇಕ್ ಆಯಿಲ್. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ತೇವ ಹೆಚ್ಚಿದಷ್ಟೂ ಕುದಿಯುವ ಉಷ್ಣತೆ ಇಳಿಯುತ್ತದೆ. ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಯನ್ನು ಬ್ರೇಕ್ ಒತ್ತಿಕೊಂಡೇ ಇಳಿಯುವಾಗ ಬಿಸಿಗೆ ಅದು ಕುದ್ದು ಗುಳ್ಳೆಯಾದರೆ ಪೆಡಲ್ ಒತ್ತಿದಷ್ಟೂ ಕೆಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿದರೆ ಈ ಅಪಾಯ ದೂರ. ಘಾಟಿಯನ್ನು ಹತ್ತಲು ಯಾವ ಗೇರ್ ಬೇಕೋ ಅದರಲ್ಲೇ ಇಳಿಯಬೇಕು ಎಂದು ಬಸ್ ಚಾಲಕರು ಹೇಳುವ ಸೂತ್ರದ ಹಿಂದಿರುವುದೂ ಇದೇ: ಇಂಜಿನ್ನೇ ತಡೆಯಾದಾಗ ಬ್ರೇಕಿಗೆ ಬಿಸಿಯಾಗಲು ಅವಕಾಶವಿಲ್ಲ.

ಮಳೆಗಾಲದಲ್ಲಿ ಮುಂದಿನ ಗಾಜಿನ ಬುಡದ ಜಾಲರಿಯಲ್ಲಿ ಮರದ ಎಲೆ ಸೇರಿ ನೀರಿನ ದಾರಿ ಕಟ್ಟಿಕೊಳ್ಳುತ್ತದೆ. ಆ ನೀರು ಕಾರಿನೊಳಗೆ ಇಳಿದು ಕಾರ್ಪೆಟ್ ನೆನೆಯುತ್ತದೆ. ಗ್ಯಾರೇಜಿನಲ್ಲಿ ಇದನ್ನು ದೊಡ್ಡ ಸೋರಿಕೆ ಎಂದು ಹೆದರಿಸಿ ಬಿಲ್ ಮಾಡುವುದುಂಟು, ಕೈಯಿಂದ ಎಲೆ ತೆಗೆದರೆ ಸಾಕು. ನೀರು ನಿಂತ ರಸ್ತೆಯಲ್ಲಿ ಇಂಜಿನ್ ಆಫ್ ಆದರೆ ಮತ್ತೆ ಸೆಲ್ಫ್ ಹೊಡೆಯಬಾರದು. ಸಿಲಿಂಡರ್ ಒಳಗೆ ನೀರು ಹೋಗಿದ್ದರೆ ಪಿಸ್ಟನ್ ಅದನ್ನು ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸಾಮಾನ್ಯ ಪಾಲಿಸಿ ಈ ನಷ್ಟ ಭರಿಸುವುದಿಲ್ಲ, ಇಂಜಿನ್ ಪ್ರೊಟೆಕ್ಟ್ ಎಂಬ ಸೇರ್ಪಡೆ ಇರಬೇಕು. ಕಾರನ್ನು ತಳ್ಳಿಸಿ, ಟೋ ಮಾಡಿಸಿ ಗ್ಯಾರೇಜಿಗೆ ಒಯ್ಯುವುದೊಂದೇ ಆಗ ಉಳಿದ ದಾರಿ. ಇನ್ನು ಇಲಿ. ತೋಟದ ಮನೆಯಲ್ಲೂ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲೂ ವೈರ್ ಕಡಿಯುವುದರಲ್ಲಿ ಅವಕ್ಕೆ ಭೇದವಿಲ್ಲ. ತಂಬಾಕು, ನುಸಿಗುಳಿಗೆ ಎರಡನ್ನೂ ಇಲಿಗಳು ಮೊದಲ ಕೆಲವು ದಿನ ಗೌರವಿಸುತ್ತವೆ. ಕಾರನ್ನು ವಾರಗಟ್ಟಲೆ ಒಂದೇ ಕಡೆ ನಿಲ್ಲಿಸದಿರುವುದು, ಎಸಿ ಗಾಳಿ ಒಳಬರುವಲ್ಲಿ ಸಣ್ಣ ಕಬ್ಬಿಣದ ಜಾಲರಿ ಹಾಕಿಸುವುದು ಹೆಚ್ಚು ಫಲಕಾರಿ.

ವಾರಂಟಿ ಮುಗಿದ ಕಾರಿಗೆ ಊರಿನ ನಂಬಿಕಸ್ಥ ಗ್ಯಾರೇಜ್ ಸಾಕು. ಬಿಡಿಭಾಗಗಳನ್ನು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಿಂದ ತರಿಸಬಹುದು. ಸಸ್ಪೆನ್ಷನ್ ಬುಷ್, ಫಿಲ್ಟರ್‌ನಂಥವಕ್ಕೆ ಕಾರು ಕಂಪನಿಗೇ ಪೂರೈಸುವ ತಯಾರಕರ ಪೊಟ್ಟಣ ಕಡಿಮೆ ಬೆಲೆಗೆ ಸಿಗುತ್ತದೆ. ಬ್ರೇಕ್ ಪ್ಯಾಡ್ ಮತ್ತು ಸ್ಟಿಯರಿಂಗ್ ಭಾಗಗಳಲ್ಲಿ ಮಾತ್ರ ಹೆಸರಿಲ್ಲದ ಮಾಲಿನ ಸಹವಾಸ ಬೇಡ. ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸುವುದು, ಏರಿನಲ್ಲಿ ಹ್ಯಾಂಡ್ ಬ್ರೇಕ್ ಬಿಟ್ಟು ಅರ್ಧ ಕ್ಲಚ್ಚಿನಲ್ಲಿ ಕಾರು ನಿಲ್ಲಿಸಿಕೊಳ್ಳುವುದು ಇವೆರಡನ್ನು ಬಿಟ್ಟರೆ ಹೊಸ ಕ್ಲಚ್ ಒಂದು ಲಕ್ಷ ಕಿಲೋಮೀಟರ್ ಬರುವುದು ಕಷ್ಟವೇನಲ್ಲ.

ಹದಿನೈದು ವರ್ಷಕ್ಕೆ ಆರ್‌ಸಿ ಅವಧಿ ಮುಗಿಯುತ್ತದೆ. ಫಿಟ್‌ನೆಸ್ ಪರೀಕ್ಷೆಯ ನಂತರ ಅದನ್ನು ಐದು ವರ್ಷಕ್ಕೆ ನವೀಕರಿಸಬಹುದು; ಹಸಿರು ತೆರಿಗೆಯೂ ಸೇರಿಕೊಳ್ಳುತ್ತದೆ. 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು, 20 ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ 10,000 ಆಯಿತು. ಹಾಗಾಗಿ ಹದಿಮೂರು, ಹದಿನಾಲ್ಕು ವರ್ಷದ ಕಾರು ಕೊಳ್ಳುವವರು ಈ ಖರ್ಚನ್ನೂ, ತುಕ್ಕು ಹಿಡಿದ ಕಾರು ಫಿಟ್‌ನೆಸ್‌ನಲ್ಲಿ ಬೀಳುವ ಸಾಧ್ಯತೆಯನ್ನೂ ಎಣಿಸಿಯೇ ಬೆಲೆ ಹೇಳಬೇಕು. ನವೀಕರಣ ಬೇಡ ಎನಿಸಿದ ಕಾರನ್ನು ಗುಜರಿ ಅಂಗಡಿಗೆ ಹಾಗೆಯೇ ಕೊಟ್ಟರೆ ಅದರ ಚಾಸಿ ನಂಬರ್ ಕದ್ದ ಕಾರಿಗೆ ಕೂರುವ ಅಪಾಯ ಇದೆ. ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರ ಠೇವಣಿ ಪ್ರಮಾಣಪತ್ರ ಕೊಡುತ್ತದೆ. ಅದನ್ನು ತೋರಿಸಿ ಆರ್‌ಸಿ ರದ್ದು ಮಾಡಿಸಿಕೊಳ್ಳಬಹುದು, ಮುಂದೆ ಹೊಸ ಕಾರು ಕೊಳ್ಳುವಾಗ ತೆರಿಗೆ ರಿಯಾಯಿತಿಗೂ ಅದು ಆಧಾರ. ಆಗಲೇ ವಿಮಾ ಕಂಪನಿಯಿಂದ ನೋ ಕ್ಲೇಮ್ ಬೋನಸ್ ಪತ್ರ ಪಡೆದಿಟ್ಟುಕೊಂಡರೆ ಮೂರು ವರ್ಷದೊಳಗೆ ಕೊಳ್ಳುವ ಮುಂದಿನ ಕಾರಿನ ಪ್ರೀಮಿಯಂನಲ್ಲಿ ಅದನ್ನು ಕಳೆಸಿಕೊಳ್ಳಬಹುದು.